ತಾಯಿ ಇದ್ದೂ ಬಾಲಮಂದಿರವೇ?

ಬಾಲಮಂದಿರದಲ್ಲಿರುವ ಮಕ್ಕಳೆಲ್ಲ ಅನಾಥರು ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹುಟ್ಟುಹಬ್ಬಕ್ಕೆ ಅಲ್ಲಿ ಸಿಹಿ ಹಂಚಿ ಫೋಟೊ ತೆಗೆಸಿಕೊಳ್ಳುವವರಂತೂ ಹಾಗೆಂದೇ ಸ್ಟೇಟಸ್ ಹಾಕುತ್ತಾರೆ. ಆದರೆ ಆ ಮಕ್ಕಳಲ್ಲಿ ಅನೇಕರಿಗೆ ತಾಯಿಯೋ ತಂದೆಯೋ ಅಜ್ಜಿಯೋ ಇದ್ದಾರೆ. ಇಲ್ಲದಿರುವುದು ದುಡ್ಡು.

ಊಟ, ಬಟ್ಟೆ, ಸೂರು ಸಿಕ್ಕರೆ ಮಗುವಿಗೆ ಸಾಕಲ್ಲವೇ? ಇದಕ್ಕೆ ರೊಮೇನಿಯಾದಲ್ಲಿ ಉತ್ತರ ಸಿಕ್ಕಿದೆ. ಸರ್ವಾಧಿಕಾರಿ ಚೌಶೆಸ್ಕು 1966ರಲ್ಲಿ ಗರ್ಭಪಾತ ನಿಷೇಧಿಸಿದ. 1989ರಲ್ಲಿ ಅವನ ಆಡಳಿತ ಬೀಳುವ ಹೊತ್ತಿಗೆ ಸಾಕಲಾಗದೆ ಹೆತ್ತವರು ಬಿಟ್ಟುಹೋದ ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಅನಾಥಾಲಯಗಳಲ್ಲಿದ್ದರು. ಮುಂದೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಅಮೆರಿಕದ ಮೂವರು ಸಂಶೋಧಕರು ಬುಕಾರೆಸ್ಟ್‌ನ ಅನಾಥಾಲಯಗಳ 136 ಎಳೆಯ ಮಕ್ಕಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿದರು, ಉಳಿದವರು ಇದ್ದಲ್ಲೇ ಇದ್ದರು. ಮಕ್ಕಳ ಹಣೆಬರಹಕ್ಕೆ ಚೀಟಿ ಎತ್ತುವುದೇ ಎಂದು ನನಗೂ ಕಸಿವಿಸಿಯಾಗುತ್ತದೆ. ಆದರೆ ಉಳಿದವರನ್ನು ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ. ಬೇರೆ ಆಸರೆ ಸಿಕ್ಕವರು ಹೊರಟುಹೋದರು. ನಾಲ್ಕೂವರೆ ವರ್ಷ ವಯಸ್ಸಿಗೆ ಮಕ್ಕಳ ಬುದ್ಧಿಮಟ್ಟ ಅಳೆದಾಗ ಸಾಕು ಕುಟುಂಬದವರ ಸರಾಸರಿ 81, ಅನಾಥಾಲಯದ ಗುಂಪಿನದು 73. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡಿದ್ದರು. ಕೊನೆಗೆ, ಎರಡು ವರ್ಷದೊಳಗಿನ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸಬಾರದೆಂದು ರೊಮೇನಿಯಾ ಕಾನೂನನ್ನೇ ತಂದಿತು.

ನಮ್ಮ ಬಾಲಮಂದಿರಗಳು ಚೌಶೆಸ್ಕು ಕಾಲದ ಅನಾಥಾಲಯಗಳಲ್ಲ, ಒಪ್ಪೋಣ. ಕಾನೂನಿಗೂ ಕೊರತೆಯಿಲ್ಲ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ವಿಧವೆಯರ, ಗಂಡ ಬಿಟ್ಟವರ, ಮಾರಕ ಕಾಯಿಲೆಗೆ ತುತ್ತಾದವರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ. ಮಗು ಮನೆಯಲ್ಲೇ ಉಳಿಯಲಿ ಎಂಬುದೇ ಇದರ ಉದ್ದೇಶ.

ತೊಡಕಿರುವುದು ಆದಾಯದ ಮಿತಿಯಲ್ಲಿ. ಹಳ್ಳಿಯವರಿಗೆ ವರ್ಷಕ್ಕೆ 72,000, ಪಟ್ಟಣದವರಿಗೆ 96,000 ರೂಪಾಯಿ. ದಿನಕ್ಕೆ 300 ರೂಪಾಯಿಯಂತೆ ತಿಂಗಳಿಗೆ 22 ದಿನ ಕೂಲಿ ಮಾಡುವ ಹಳ್ಳಿಯ ತಾಯಿಯ ವರ್ಷದ ಗಳಿಕೆ 79,200. ಕಾಗದದ ಮೇಲೆ ಆಕೆ ಉಳ್ಳವಳು! ನೆರವು ಬೇಕೆಂದರೆ ಕೆಲಸ ಬಿಡಬೇಕು, ಇಲ್ಲವೇ ನಾಡಕಚೇರಿಯಲ್ಲಿ ಕಡಿಮೆ ಆದಾಯ ಬರೆಸಬೇಕು. ಇದೇ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಮಿತಿ 1.20 ಲಕ್ಷ. ರೇಷನ್ ಅಂಗಡಿಯಲ್ಲಿ ಬಡವಿಯಾದವಳು ಈ ನೆರವಿನ ಅರ್ಜಿ ಪಡೆಯುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಬಾಗಿಲಿಗೆ ಬಂದರೆ ಬಡವಿಯಲ್ಲವಂತೆ.

ಯೋಜನೆ ಕೇಂದ್ರದ್ದು, ಮಿತಿ ನಮ್ಮ ಕೈಯಲ್ಲಿಲ್ಲ ಎಂದು ರಾಜ್ಯ ಹೇಳಬಹುದು. ಹಾಗಾದರೆ ಮಿತಿ ದಾಟಿದ ಬಿಪಿಎಲ್ ತಾಯಂದಿರಿಗೆ ತನ್ನ ಬೊಕ್ಕಸದಿಂದಲೇ ಕೊಡಲಿ. ಅಲ್ಲಿಯವರೆಗೆ, ನಿಮ್ಮ ಓಣಿಯಲ್ಲಿ ಮಕ್ಕಳನ್ನು ಬಾಲಮಂದಿರಕ್ಕೆ ಬಿಡಲು ಹೊರಟ ತಾಯಿಯಿದ್ದರೆ, ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದೊಯ್ದು ಪ್ರಾಯೋಜಕತ್ವದ ಅರ್ಜಿ ಕೇಳಿ.