ಅಂಚಿನ ಕರಕಲನ್ನೆಲ್ಲ ಉಜ್ಜಬೇಕೇ?

ಮರದ ತೇರು, ಹಡಗು, ವಿಮಾನಗಳ ಕಿಟ್‌ಗಳನ್ನು ಈಗ ಸರಸಂಬಾದಂಥ ಸಣ್ಣ ಊರಿನಲ್ಲಿ ಕೂತೇ ಮೊಬೈಲಿನಲ್ಲಿ ತರಿಸಬಹುದು. ಬಿಚ್ಚಿ ನೋಡಿದರೆ ತೆಳು ಪ್ಲೈವುಡ್, ಅದರಲ್ಲಿ ಕೊರೆದ ಭಾಗಗಳು, ಪ್ರತಿ ಅಂಚೂ ಕಪ್ಪು. ಮುಟ್ಟಿದ ಬೆರಳಿಗೂ ಮಸಿ. ಮಕ್ಕಳು ಒದ್ದೆ ಬಟ್ಟೆ ಹುಡುಕುತ್ತಾರೆ, ದೊಡ್ಡವರು ಬ್ಲೀಚಿಂಗ್ ಪೌಡರ್. ಎರಡೂ ಕೆಲಸಕ್ಕೆ ಬಾರವು.

ಇಂಥ ಭಾಗಗಳನ್ನು ಹೆಚ್ಚಾಗಿ ಕತ್ತರಿಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ರೂಪಿಸಿದ ಕುಮಾರ್ ಪಟೇಲ್ ಹುಟ್ಟಿದ್ದು ಬಾರಾಮತಿಯಲ್ಲಿ. ಸುಮಾರು 10.6 ಮೈಕ್ರೋಮೀಟರ್ ತರಂಗಾಂತರದ ಈ ಕಿರಣ ಕಣ್ಣಿಗೆ ಕಾಣದು, ಮರ ಮಾತ್ರ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಕಿರಣ ಹಾಯ್ದ ಗೆರೆಯ ಮರ ಆವಿಯಾಗಿ ಹೋದರೆ, ಪಕ್ಕದ್ದು ಅಷ್ಟು ಕಾಯದೆ ಇದ್ದಿಲಾಗಿ ಉಳಿಯುತ್ತದೆ. ಅದು ಮರಕ್ಕೆ ಹತ್ತಿದ ಕಲೆಯಲ್ಲ, ಸುಟ್ಟ ಮರವೇ. ಇದ್ದಿಲು ಬ್ಲೀಚಿಗೆ ಬೆಳ್ಳಗಾಗುವುದಿಲ್ಲ. ನೀರು ಹಾಕಿದರೆ ಮಸಿ ಎಳೆಗಳೊಳಗೆ ಇಳಿಯುತ್ತದೆ, ಹಲಗೆ ಸೊಟ್ಟಗಾಗುತ್ತದೆ. ಮೇಲ್ಮೈಗೆ ಅಂಟಿದ ಕಂದು ಹೊಗೆಯ ಕಥೆ ಬೇರೆ. ಸ್ಪಿರಿಟ್ ಅದ್ದಿದ ಬಟ್ಟೆಗೆ ಅದು ಬಹುಮಟ್ಟಿಗೆ ಬಿಡುತ್ತದೆ.

ಉಳಿದದ್ದು ಉಜ್ಜುವ ದಾರಿ. 220 ನಂಬರಿನ ಸ್ಯಾಂಡ್ ಪೇಪರನ್ನು ಸಪಾಟಾದ ಕಟ್ಟಿಗೆಗೆ ಅಂಟಿಸಿಕೊಂಡು, ಹಗುರ ಕೈಯಲ್ಲಿ ಉಜ್ಜಿ, ಕಪ್ಪು ಹೋಗಿ ಕಂದು ಕಂಡೊಡನೆ ನಿಲ್ಲಿಸಬೇಕು. ಬೆಳ್ಳನೆಯ ಮರ ಬರಲೆಂದು ಹಟ ಹಿಡಿದವರ ಕಿಟ್ ಕೊನೆಗೆ ಗಡಗಡ ಅಲ್ಲಾಡುತ್ತದೆ. ಒಂದು ಭಾಗದ ಸೀಳಿಗೂ ಅದರೊಳಗೆ ಕೂರುವ ಇನ್ನೊಂದರ ನಾಲಿಗೆಗೂ ಇಟ್ಟ ಅಳತೆ ಕೂದಲೆಳೆಯಷ್ಟು ಬಿಗಿ. ಎರಡೂ ಕಡೆ ತುಸು ತೆಗೆದರೂ ಹಿಡಿತ ಹೋಯಿತು. ಹಾಗೆಂದು ಅಂಟು ಹಾಕುವ ಜಾಗದಲ್ಲಿ ಕರಕಲು ಬಿಡುವಂತಿಲ್ಲ. ಫೆವಿಕಾಲ್ ಮರದ ಎಳೆಗೆ ಇಳಿದರೇನೇ ಹಿಡಿಯುವುದು. ಸಡಿಲ ಇದ್ದಿಲಿನ ಮೇಲೆ ಹಚ್ಚಿದರೆ ಆ ಪದರದ ಸಮೇತ ಕಿತ್ತು ಬರುತ್ತದೆ. ಆದ್ದರಿಂದ ಅಂಟು ಬೀಳುವ ಅಂಚಿಗೆ ನಾಲ್ಕು ಉಜ್ಜು, ಕಣ್ಣಿಗೆ ಬೀಳುವ ಅಂಚಿಗೆ ಇನ್ನೆರಡು. ಒಳಗೆ ಅಡಗುವ ಭಾಗಗಳನ್ನು ಮುಟ್ಟಲೇಬೇಡಿ. ಹಡಗಿನ ಪಕ್ಕೆಲುಬುಗಳ ಅಂಚನ್ನು ಹೇಗೂ ಓರೆಯಾಗಿ ಅರದಿಂದ ತೀಡಬೇಕು, ಕಪ್ಪು ಅಲ್ಲೇ ಹೋಗುತ್ತದೆ. ತೇರಿನ ಚಿತ್ತಾರಕ್ಕಂತೂ ಕಪ್ಪಂಚೇ ಚೆಂದ ಎಂದು ನನ್ನ ಮತ.

ಉಜ್ಜುವಾಗ ಏಳುವ ದೂಳು ಬಲು ಸಣ್ಣದು, ಮೂಗಿಗೆ ಮಾಸ್ಕ್ ಇರಲಿ. ನಿಮ್ಮದೇ ವಿನ್ಯಾಸವನ್ನು ಅಂಗಡಿಯಲ್ಲಿ ಕೊರೆಸುವುದಾದರೆ ಹಲಗೆಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಲು, ಕೊರೆಯುವ ಜಾಗಕ್ಕೆ ಗಾಳಿ ಜೋರಾಗಿ ಊದಲು ಹೇಳಿ.