ಗಾಡಿ ಮಾತು 9: ‘ಕೂರುತ್ತೆ’ ಅಂದ ಮಾತ್ರಕ್ಕೆ ಸೈಜ್ ಸರಿ ಇದೆ ಅಂತಲ್ಲ

1/4

ಟೈರ್ ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಕೇಳಿಸೋ ಮಾತು ಯಾವುದು ಗೊತ್ತಾ? ‘ಕೂರುತ್ತೆ.’ ಅಣ್ಣಾ, ಈ ಅಲಾಯ್‌ಗೆ ಆ ಟೈರ್ ಆಗುತ್ತಾ ಅಂತ ಕೇಳಿ ನೋಡಿ. ‘ಕೂರುತ್ತೆ ಬಾಸ್, ಆರಾಮಾಗಿ ಕೂರುತ್ತೆ.’ ಮುಗೀತು. ನಾವೂ ತಲೆ ಆಡಿಸ್ತೀವಿ, ಸ್ಕ್ಯಾನ್ ಮಾಡಿ ದುಡ್ಡು ಕಳಿಸ್ತೀವಿ, ಹೊರಗೆ ಬಂದು ಗಾಡಿ ಪಕ್ಕ ಕೂತು ರೀಲ್ ಮಾಡ್ತೀವಿ.

ಅಂಗಡಿಯವನು ಸುಳ್ಳು ಹೇಳಿಲ್ಲ. 15 ಇಂಚಿನ ರಿಮ್‌ಗೆ 15 ಇಂಚಿನ ಟೈರ್ ಹೆಚ್ಚುಕಮ್ಮಿ ಯಾವುದಾದ್ರೂ ಕೂರುತ್ತೆ. ಮೆಷಿನ್‌ಗೆ ಏರಿಸಿ, ಸೋಪ್ ನೀರು ಸವರಿ, ಗಾಳಿ ಹೊಡೆದ್ರೆ ಟಪ್ ಅಂತ ಬೀಡ್ ಕೂತ್ಕೊಳ್ಳುತ್ತೆ. ಆದ್ರೆ ಟೈರ್ ಮೇಲೆ ಬರೆದಿರೋ ಅಷ್ಟೂ ನಂಬರ್‌ಗಳಲ್ಲಿ ‘ಕೂರುತ್ತಾ’ ಅನ್ನೋ ಪ್ರಶ್ನೆಗೆ ಮುಖ್ಯವಾಗಿ ಉತ್ತರ ಕೊಡೋದು ಒಂದೇ ಒಂದು. ಮಿಕ್ಕಿದ್ದೆಲ್ಲ ಬೇರೆ ವಿಷಯ ಹೇಳ್ತಿರುತ್ತೆ, ಅದನ್ನ ಯಾರೂ ಓದಲ್ಲ.

ಮೊದಲನೇ ಫೋಟೋ ಝೂಮ್ ಮಾಡಿ. 185/65 R15 88H. 185 ಅಂದ್ರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದ್ರೆ ಆ ಅಗಲದ ಶೇ 65ರಷ್ಟು ಸೈಡ್‌ವಾಲ್ ಎತ್ತರ, ಅಂದ್ರೆ ಸುಮಾರು 120 ಮಿಮೀ. ಆರ್ ಅಂದ್ರೆ ರೇಡಿಯಲ್. (ರೇಡಿಯಸ್ ಅಲ್ಲ ಗುರು! ಮೆಕ್ಯಾನಿಕಲ್ ಓದ್ತಿರೋರೇ ಹಾಗೆ ಹೇಳೋದನ್ನ ಕೇಳಿದೀನಿ, ಲ್ಯಾಬ್‌ನಲ್ಲೇ.) 15 ರಿಮ್ಮಿನ ವ್ಯಾಸ, ಇಂಚಿನಲ್ಲಿ. 88 ಅಂದ್ರೆ ಒಂದು ಟೈರ್ ಹೊರಬಹುದಾದ ಭಾರಕ್ಕೆ ಕೋಡ್, 560 ಕೆಜಿ. ಎಚ್ ಅಂದ್ರೆ ವೇಗದ ಮಿತಿ, ಗಂಟೆಗೆ 210 ಕಿಮೀ. ಆ ವೇಗ ನಮ್ಮ ಸುದ್ದಿಯಲ್ಲ, ಬಿಡಿ.

ಈಗ ಕೂಡಿಸಿ. 15 ಇಂಚು ಅಂದ್ರೆ 381 ಮಿಮೀ. ಮೇಲೊಂದು ಸೈಡ್‌ವಾಲ್, ಕೆಳಗೊಂದು ಸೈಡ್‌ವಾಲ್. ಒಟ್ಟು ವ್ಯಾಸ 621.5 ಮಿಮೀ. ಗಾಡಿ ನಂಬಿಕೊಂಡಿರೋದು ಈ ನಂಬರನ್ನ. ಸ್ಪೀಡೋಮೀಟರ್, ಓಡೋಮೀಟರ್, ಗೇರ್ ಲೆಕ್ಕ, ಎಬಿಎಸ್, ಎಲ್ಲಾ ಚಕ್ರದ ಸುತ್ತು ಎಣಿಸಿಯೇ ಕೆಲಸ ಮಾಡೋದು. ಒಂದು ಸುತ್ತಿಗೆ ಇಷ್ಟು ದೂರ ಅಂತ ಕಂಪನಿಯವರು ಮೊದಲೇ ಹೇಳಿಕೊಟ್ಟಿರ್ತಾರೆ.

ಇದಕ್ಕೆ ಒಳ್ಳೇ ಉದಾಹರಣೆ ಹಿಂದಿನ ಮಾಡೆಲ್ ಸ್ವಿಫ್ಟ್. ಕೆಳಗಿನ ವೇರಿಯಂಟ್‌ಗೆ 165/80 R14 ಸ್ಟೀಲ್ ವೀಲ್, ಮೇಲಿನದಕ್ಕೆ 185/65 R15 ಅಲಾಯ್. ಲೆಕ್ಕ ಹಾಕಿ: ಮೊದಲನೇದು 619.6, ಎರಡನೇದು 621.5. ರಿಮ್ ಒಂದು ಇಂಚು ಬೆಳೆದಿದೆ, ಟೈರ್ 20 ಮಿಮೀ ಅಗಲ ಆಗಿದೆ, ಒಟ್ಟು ವ್ಯಾಸ ಮಾತ್ರ ಎರಡು ಮಿಮೀ ಕೂಡ ಬದಲಾಗಿಲ್ಲ. ಬಲೆನೋದಲ್ಲಿ ಬರೋ 195/55 R16 ತಗೊಳ್ಳಿ, 620.9. ಅಪ್‌ಸೈಜ್ ಮಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಕಂಪನಿಯವರೇ ಮಾಡ್ತಾರೆ. ಅವರು ಲೆಕ್ಕ ಹಾಕಿ ಮಾಡ್ತಾರೆ, ನಾವು ಕಣ್ಣಳತೆಯಲ್ಲಿ ಮಾಡ್ತೀವಿ.

2/4

ನಮ್ಮ ಕ್ಲಾಸಿನ ಒಬ್ಬ ಇದಾನೆ. ಹೆಸರು ಬೇಡ, ಓದಿದ ಮೇಲೆ ಅವನೇ ಬಂದು ಬೈತಾನೆ. ಮನೆ ಗಾಡಿಗೆ ಸೆಕೆಂಡ್ ಹ್ಯಾಂಡ್ ಅಲಾಯ್ ಸೆಟ್ ತಂದ. ಟೈರ್ ಸಮೇತ ಸಿಕ್ತು, ಅದಕ್ಕೇ ಅಗ್ಗ ಅಂತ ಖುಷಿ. ಟೈರ್ 195/50 R15. ಕೂತಿದೆ, ನೋಡೋಕೆ ಸಕ್ಕತ್ತಾಗೂ ಇದೆ, ಅದನ್ನ ಒಪ್ಕೋತೀನಿ. ಒಂದು ವಾರ ಆದ್ಮೇಲೆ ಬಂದು ಹೇಳ್ತಾನೆ, ‘ಮಗಾ, ಅಲಾಯ್ ಹಾಕಿದ್ಮೇಲೆ ಮೈಲೇಜ್ ಜಾಸ್ತಿ ಆಗಿದೆ! 19 ಇತ್ತು, ಈಗ ಇಪ್ಪತ್ತೂವರೆ.’

ಲೆಕ್ಕ ಹಾಕೋಣ. 195ರ ಶೇ 50 ಅಂದ್ರೆ 97.5. ಎರಡು ಕಡೆ ಸೇರಿ 195, ಪ್ಲಸ್ 381, ಒಟ್ಟು 576 ಮಿಮೀ. ಇರಬೇಕಾಗಿದ್ದು 621.5. ಶೇ 7ಕ್ಕಿಂತ ಜಾಸ್ತಿ ಚಿಕ್ಕದು. ಚಕ್ರ ಚಿಕ್ಕದಾದ್ರೆ ಅದೇ ದೂರಕ್ಕೆ ಜಾಸ್ತಿ ಸುತ್ತು ತಿರುಗಬೇಕು. ಮೀಟರ್‌ಗೆ ಸುತ್ತು ಮಾತ್ರ ಗೊತ್ತು. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಮೀ ಇದ್ರೆ ಅವನ ಗಾಡಿಯಲ್ಲಿ ಹೆಚ್ಚುಕಮ್ಮಿ 200 ತೋರಿಸುತ್ತೆ. ಪೆಟ್ರೋಲ್ ಅಷ್ಟೇ ಕುಡಿದಿದೆ, ಕಿಲೋಮೀಟರ್ ಮಾತ್ರ ಹುಟ್ಟಿಕೊಂಡಿದೆ. 19 ಅನ್ನೋದು ಇಪ್ಪತ್ತೂವರೆ ಆಗೋದು ಹೀಗೆ. ಸರ್ವಿಸ್ ಬೇಗ ಬರುತ್ತೆ, ಮಾರೋವಾಗ ಓಡದೇ ಇರೋ ಕಿಲೋಮೀಟರ್‌ಗೂ ರೇಟ್ ಕಮ್ಮಿ ಆಗುತ್ತೆ.

ಇನ್ನೊಂದು ಪೆಟ್ಟು ಕೆಳಗೆ ಬಿದ್ದಿದೆ. ವ್ಯಾಸ 45 ಮಿಮೀ ಕಮ್ಮಿ ಆದ್ರೆ ಗಾಡಿ 22 ಮಿಮೀಗಿಂತ ಜಾಸ್ತಿ ಕೆಳಗೆ ಇಳಿಯುತ್ತೆ. 163 ಮಿಮೀ ಗ್ರೌಂಡ್ ಕ್ಲಿಯರೆನ್ಸ್ ಇದ್ದಿದ್ದು 140ಕ್ಕೆ ಬಂತು. ನಮ್ಮ ಊರುಗಳ ಹಂಪ್‌ಗಳ ಮೇಲೆ, ಹಿಂದೆ ಮೂರು ಜನ ಕೂತಿರುವಾಗ, ಆ 22 ಮಿಮೀ ಏನು ಅಂತ ಸೈಲೆನ್ಸರ್‌ಗೆ ಗೊತ್ತಾಗುತ್ತೆ.

ದೊಡ್ಡದು ಹಾಕೋರ ಕಥೆ ಉಲ್ಟಾ. 205/65 R15 ಹಾಕಿದ್ರೆ ವ್ಯಾಸ 647.5, ಶೇ 4ರಷ್ಟು ಜಾಸ್ತಿ. ಮೀಟರ್ ಹೇಳೋದಕ್ಕಿಂತ ಗಾಡಿ ಶೇ 4ರಷ್ಟು ಜೋರಾಗಿ ಹೋಗ್ತಿರುತ್ತೆ. ಸಾಮಾನ್ಯವಾಗಿ ಸ್ಪೀಡೋಮೀಟರ್‌ಗಳು ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸ್ತವೆ, ಕಮ್ಮಿ ತೋರಿಸಬಾರದು ಅಂತ ಬೇಕಂತಲೇ ಹಾಗೆ ಇಟ್ಟಿರ್ತಾರೆ. ಆ ಉಳಿಕೆಯನ್ನ ದೊಡ್ಡ ಟೈರ್ ತಿಂದುಹಾಕುತ್ತೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಮಿತಿ, ತಲೆ ಮೇಲೆ ಕ್ಯಾಮೆರಾ. ಅದಕ್ಕೆ ನಿಮ್ಮ ಮೀಟರ್ ಏನು ತೋರಿಸ್ತು ಅನ್ನೋದು ಬೇಕಾಗಿಲ್ಲ. ಜೊತೆಗೆ ಪಿಕಪ್ ಸತ್ತುಹೋಗುತ್ತೆ, ಏರಿನಲ್ಲಿ ಮೂರನೇ ಗೇರಲ್ಲಿ ಹೋಗ್ತಿದ್ದ ಗಾಡಿ ಎರಡನೇದು ಕೇಳುತ್ತೆ. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜೋಕೂ ಶುರುವಾಗಬಹುದು. ‘ಸ್ವಲ್ಪ ಲೈನರ್ ಕಟ್ ಮಾಡಿಕೊಡ್ತೀನಿ ಬಾಸ್’ ಅಂತ ಯಾರಾದ್ರೂ ಬ್ಲೇಡ್ ತಗೊಂಡ್ರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ.

3/4

ಇಲ್ಲೀವರೆಗೂ ಹೇಳಿದ್ದು ದುಡ್ಡಿನ ಮಾತು. ಈಗ ಭಾರದ ಮಾತು. ಈ ಭಾಗ ಸ್ಕಿಪ್ ಮಾಡಬೇಡಿ.

195/50 R15ಕ್ಕೆ ಸಾಮಾನ್ಯವಾಗಿ ಬರೋ ಲೋಡ್ ನಂಬರ್ 82. ಅಂದ್ರೆ 475 ಕೆಜಿ. ಹಳೇ ಟೈರಿನದು 560. ನಮ್ಮ ಹುಡುಗ ಇದಕ್ಕೂ ಉತ್ತರ ರೆಡಿ ಇಟ್ಕೊಂಡಿದ್ದ: ‘475 ಇಂಟು ನಾಲ್ಕು 1900. ಐದು ಜನ, ಲಗೇಜು ಎಲ್ಲಾ ಸೇರಿ ಗಾಡಿ 1300 ಆಗಬಹುದು. ಇನ್ನೂ 600 ಕೆಜಿ ಜಾಗ ಇದೆಯಲ್ಲೋ?’

ಒಳ್ಳೇ ಪ್ರಶ್ನೆ. ಗಾಡಿ ಶೋರೂಮಲ್ಲಿ ನಿಂತೇ ಇದ್ರೆ ಅವನ ಉತ್ತರವೂ ಸರಿ.

ಆದ್ರೆ ಭಾರ ನಾಲ್ಕಕ್ಕೂ ಸಮ ಹಂಚಿಕೆ ಆಗಲ್ಲ. ಇಂಜಿನ್ ಮುಂದಿದೆ, ಹಾಗಾಗಿ ಮುಂದಿನ ಎರಡರ ಮೇಲೆ ಜಾಸ್ತಿ. ಧರ್ಮಸ್ಥಳಕ್ಕೆ ಹೊರಟಿದೀರ, ಶಿರಾಡಿ ಘಾಟಿ ಇಳೀತಿದೀರ ಅಂದ್ಕೊಳ್ಳಿ. ಇಳಿಜಾರು, ಬ್ರೇಕ್, ಎಡಕ್ಕೆ ತಿರುವು. ಮೂರೂ ಒಟ್ಟಿಗೆ ಬಂದಾಗ ಭಾರ ಮುಂದಕ್ಕೂ ಬಲಕ್ಕೂ ವಾಲಿ, ಮುಂದಿನ ಬಲಗಡೆ ಟೈರ್ ಒಂದೇ ದೊಡ್ಡ ಪಾಲು ಹೊತ್ತಿರುತ್ತೆ. ಆ ಕ್ಷಣಕ್ಕೆ ಅಲ್ಲೊಂದು ಗುಂಡಿ ಸಿಕ್ಕಿದ್ರೆ ಬೀಳೋ ಹೊಡೆತ ನಿಂತ ಭಾರಕ್ಕಿಂತ ಎಷ್ಟೋ ಜಾಸ್ತಿ. ಕಂಪನಿಯವರು 560 ಇಟ್ಟಿದ್ದು ಇಂಥ ಗಳಿಗೆಗಾಗಿ. ಅದು ಮಿಕ್ಕಿದ್ದಲ್ಲ, ಎತ್ತಿಟ್ಟಿದ್ದು.

ಇನ್ನೊಂದು, ಇದನ್ನ ಬಹಳ ಜನ ಮರೀತಾರೆ. ಆ 475 ಅನ್ನೋದು ಸುಮಾರು 36 ಪಿಎಸ್‌ಐ ಗಾಳಿ ಇದ್ದಾಗಿನ ಮಾತು. ಭಾರ ಹೊರೋದು ರಬ್ಬರ್ ಅಲ್ಲ, ಒಳಗಿರೋ ಗಾಳಿ. ಸೈಡ್‌ವಾಲ್ ಕುಳ್ಳಗಾದ್ರೆ ಗಾಳಿಗೆ ಜಾಗ ಕಮ್ಮಿ, ಹಾಗಾಗಿ ಅದೇ ಭಾರ ಹೊರೋಕೆ ಒತ್ತಡ ಜಾಸ್ತಿ ಬೇಕು. ಆದ್ರೆ ಬಾಗಿಲ ಹತ್ತಿರ ಇರೋ ಸ್ಟಿಕ್ಕರ್ ಹಳೇ ಸೈಜಿಗೆ ಬರೆದದ್ದು. ಪೆಟ್ರೋಲ್ ಬಂಕಿನ ಹುಡುಗ ಕಣ್ಣು ಮುಚ್ಚಿ 30 ಹೊಡೀತಾನೆ. 30ರಲ್ಲಿ ಆ ಟೈರ್ 475 ಹೊರಲ್ಲ. ಬೇಸಿಗೆಯಲ್ಲಿ, ಪೂರ್ತಿ ಲೋಡ್‌ನಲ್ಲಿ, ಹೈವೇಯಲ್ಲಿ ಸೈಡ್‌ವಾಲ್ ಮಡಚಿ ಬಿಚ್ಚಿ ಬಿಸಿಯಾಗುತ್ತೆ. ಟೈರ್ ಸಿಡಿಯೋದಕ್ಕೆ ಒಂದು ದೊಡ್ಡ ಕಾರಣ ಆ ಬಿಸಿ.

ಅಲಾಯ್‌ಗೂ ಇದರಲ್ಲಿ ಪಾಲಿದೆ. ಗುಂಡಿಗೆ ಬಿದ್ದಾಗ ಸ್ಟೀಲ್ ರಿಮ್ ಬಗ್ಗುತ್ತೆ, ಬಡಿದು ಸರಿ ಮಾಡ್ತಾರೆ. ಅಲಾಯ್ ಬಿರುಕು ಬಿಡುತ್ತೆ. 120 ಮಿಮೀ ಇದ್ದ ಮೆತ್ತೆ 97ಕ್ಕೆ ಇಳಿದ್ರೆ ಆ ಬಿರುಕು 23 ಮಿಮೀ ಹತ್ತಿರ ಬಂತು ಅಂತಲೇ ಅರ್ಥ. (ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿ ಓಡಿಸೋರಿದಾರೆ. ನನಗೆ ಅದರ ಮೇಲೆ ಒಂಚೂರೂ ನಂಬಿಕೆ ಇಲ್ಲ.)

ಇದರ ಉಲ್ಟಾ ತಪ್ಪೂ ಇದೆ. 7 ಇಂಚು ಅಗಲದ ಅಲಾಯ್ ತಂದು, ದುಡ್ಡು ಉಳಿಸೋಕೆ ಹಳೇ 185/65 ಟೈರನ್ನೇ ಅದಕ್ಕೆ ಎಳೆದು ಹಾಕಿಸೋದು. ಆ ಟೈರಿಗೆ ಒಪ್ಪೋ ರಿಮ್ ಅಗಲ 5ರಿಂದ 6.5 ಇಂಚು. ಅರ್ಧ ಇಂಚು ತಾನೆ ಅನ್ನಿಸುತ್ತೆ. ಸೈಡ್‌ವಾಲ್ ನೇರ ನಿಲ್ಲೋ ಬದಲು ಹೊರಗೆ ಚಾಚಿಕೊಳ್ಳುತ್ತೆ, ರಿಮ್ಮಿನ ಅಂಚು ಟೈರಿಗಿಂತ ಮುಂದೆ ಬರುತ್ತೆ, ಫುಟ್‌ಪಾತ್ ಕಲ್ಲಿಗೆ ಮೊದಲು ತಗುಲೋದು ಅದೇ. ಗಾಳಿ ಸ್ವಲ್ಪ ಇಳಿದಿದ್ದಾಗ ತಿರುವಿನಲ್ಲಿ ಬೀಡ್ ರಿಮ್ ಬಿಟ್ಟು ಏಳೋ ಭಯ ಬೇರೆ.

ಹಾಗಾದ್ರೆ ಅಗಲ ಟೈರ್ ಅಂದ್ರೆ ಗ್ರಿಪ್ ಅಲ್ವಾ ಅಂತೀರಾ? ಒಣ ರಸ್ತೆಯಲ್ಲಿ ಸ್ವಲ್ಪ ಮಟ್ಟಿಗೆ ಹೌದು. ಜುಲೈ ತಿಂಗಳಲ್ಲಿ ಸಕಲೇಶಪುರ ದಾಟಿ ನೋಡಿ. ಅದೇ ಭಾರದ ಗಾಡಿಗೆ ಟೈರ್ ಅಗಲ ಆದಷ್ಟೂ ರಸ್ತೆ ಮೇಲೆ ನಿಂತ ನೀರನ್ನ ಸೀಳೋದು ಕಷ್ಟ, ತೇಲೋದು ಸುಲಭ. ಮಲೆನಾಡಿನ ಕಡೆಯೋರು ಈ ವಿಷಯದಲ್ಲಿ ಬೆಂಗಳೂರಿನ ರೀಲ್ ನೋಡಿ ತೀರ್ಮಾನ ಮಾಡಬೇಡಿ.

4/4

‘ನನ್ನ ಗಾಡಿ, ನನ್ನಿಷ್ಟ’ ಅಂತ ಕೆಲವರು ಮೆಸೇಜ್ ಹಾಕ್ತಾರೆ, ಗೊತ್ತು. ಒಂದು ಪ್ರಶ್ನೆ. ಅದು ನಿಜವಾಗ್ಲೂ ನಿಮ್ಮ ಗಾಡಿನಾ?

ನಮ್ಮಲ್ಲಿ ಬಹುಪಾಲು ಜನ ಓಡಿಸ್ತಿರೋದು ಅಪ್ಪನ ಗಾಡಿ. ಇಎಂಐ ಅವರದು, ಆರ್‌ಸಿ ಅವರ ಹೆಸರಲ್ಲಿ. ನಾವು ಭಾನುವಾರ ಓಡಿಸ್ತೀವಿ, ಅವರು ಸೋಮವಾರದಿಂದ ಶನಿವಾರ. ಟೈರ್ ಸೈಜ್ ಬದಲಾಯಿಸಿದವರಿಗಾದ್ರೂ ಮೀಟರ್ ಎಷ್ಟು ಸುಳ್ಳು ಹೇಳುತ್ತೆ ಅಂತ ಲೆಕ್ಕ ಹಾಕೋ ಅವಕಾಶ ಇದೆ. ಅಪ್ಪನಿಗೆ ಅದೂ ಇಲ್ಲ. ಅವರು ಇಪ್ಪತ್ತು ವರ್ಷದಿಂದ ಮೀಟರ್ ನಂಬಿ ಓಡಿಸಿದೋರು. 80 ಅಂತ ತೋರಿಸಿದ್ರೆ 80 ಅಂತಲೇ ನಂಬ್ತಾರೆ. ಸ್ಟಿಕ್ಕರ್ ನೋಡಿ ಗಾಳಿ ಹೊಡೆಸ್ತಾರೆ. ಅಮ್ಮ, ಅಜ್ಜಿ, ತಂಗಿ ಹಿಂದೆ ಕೂತಿರ್ತಾರೆ. ನಾವು ಮಾಡಿದ ಬದಲಾವಣೆಯ ಲೆಕ್ಕ ಅವರ ಕೈಗೆ ಯಾರೂ ಕೊಟ್ಟಿಲ್ಲ. ನನಗೆ ಸಿಟ್ಟು ಬರೋದು ಇಲ್ಲಿ. ಸ್ಟೈಲ್ ಮೇಲೆ ನನಗೇನೂ ಕೋಪ ಇಲ್ಲ, ನನಗೂ ಅಲಾಯ್ ಇಷ್ಟ.

ಕಾನೂನು ಬೇಕು ಅನ್ನೋರಿಗೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿಯ ಮೂಲ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಪೊಲೀಸರು ಟೇಪ್ ಹಿಡಿದು ಟೈರ್ ಅಳೀತಾರಾ? ಇಲ್ಲ. ಆದ್ರೆ ಆ್ಯಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್ ಸರ್ವೇಯರ್ ಗಾಡಿ ಸುತ್ತ ಒಂದು ಸುತ್ತು ಹಾಕ್ತಾನೆ. ಅವನಿಗೆ ಪ್ರಶ್ನೆ ಕೇಳೋ ದಾರಿ ನಾವೇ ಮಾಡಿಕೊಟ್ಟ ಹಾಗೆ ಆಗಬಾರದು.

ನಮ್ಮ ಹುಡುಗನ ಗಾಡಿಗೆ ಏನು ಮಾಡಬೇಕಿತ್ತು ಅಂತ ಕೇಳ್ತೀರಾ? ಉತ್ತರ ತೀರಾ ಹತ್ತಿರದಲ್ಲೇ ಇತ್ತು. ಅದೇ ಅಲಾಯ್‌ಗೆ 195/60 R15. ವ್ಯಾಸ 615 ಮಿಮೀ, ವ್ಯತ್ಯಾಸ ಶೇ 1ರಷ್ಟು. ಲೋಡ್ ನಂಬರ್ 88, ಕಂಪನಿ ಟೈರಿನಷ್ಟೇ. 5.5ರಿಂದ 7 ಇಂಚಿನ ರಿಮ್‌ಗೆ ಒಪ್ಪುತ್ತೆ. ನೋಡೋಕೂ ಅಗಲ ಕಾಣುತ್ತೆ. 50ರ ಜಾಗದಲ್ಲಿ 60, ಅಷ್ಟೇ ವ್ಯತ್ಯಾಸ. ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂದ್ರೆ ಎರಡು ದಿನ ಕಾಯಬೇಕಿತ್ತು, ಇಲ್ಲ ಬೇರೆ ಅಂಗಡಿಗೆ ಹೋಗಬೇಕಿತ್ತು.

ಹಾಗಾಗಿ ಅಂಗಡಿಗೆ ಹೋದಾಗ ‘ಕೂರುತ್ತಾ’ ಅಂತ ಕೇಳೋದನ್ನೇ ಬಿಡಿ. ಒಟ್ಟು ವ್ಯಾಸ ಎಷ್ಟು ವ್ಯತ್ಯಾಸ ಬರುತ್ತೆ ಅಂತ ನೀವೇ ಮೊಬೈಲ್‌ನಲ್ಲಿ ಲೆಕ್ಕ ಹಾಕಿ, ಶೇ 2-3 ದಾಟಿದ್ರೆ ಬೇಡ. ಲೋಡ್ ನಂಬರ್ ಹಳೇದಕ್ಕಿಂತ ಕಮ್ಮಿ ಇದ್ರೆ ಎಷ್ಟೇ ಆಫರ್ ಇದ್ರೂ ಬೇಡ. ಅಲಾಯ್ ಹಿಂಬದಿಯಲ್ಲಿ ಅಗಲ ಬರೆದಿರುತ್ತೆ, 6ಜೆ, 7ಜೆ ಅಂತ, ಅದನ್ನ ಟೈರಿಗೆ ಹೋಲಿಸಿ. ಹಾಕಿಸಿದ ಮೇಲೆ ಹಿಂದೆ ಮೂರು ಜನ ಕೂರಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಸೆಕೆಂಡ್ ಹ್ಯಾಂಡ್ ಟೈರ್ ಆಗಿದ್ರೆ ಸೈಡಲ್ಲಿ ನಾಲ್ಕು ಅಂಕಿಯ ಕೋಡ್ ಹುಡುಕಿ. 2419 ಅಂತಿದ್ರೆ 2019ರ 24ನೇ ವಾರದ ಮಾಲು.

ಕೊನೆಗೆ ಮನೆಗೆ ಬಂದು ಅಪ್ಪನಿಗೆ ಹೇಳಿ. ಹೊಸ ಸೈಜ್ ಇದು, ಗಾಳಿ ಇಷ್ಟು ಹೊಡೆಸಬೇಕು ಅಂತ ಚೀಟಿ ಬರೆದು ಆ ಹಳೇ ಸ್ಟಿಕ್ಕರ್ ಪಕ್ಕದಲ್ಲೇ ಅಂಟಿಸಿ.

ನಿಮ್ಮ ಮನೆ ಗಾಡಿಯ ಟೈರ್ ನಂಬರ್‌ದೊಂದು ಫೋಟೋ, ಬಾಗಿಲ ಸ್ಟಿಕ್ಕರ್‌ದೊಂದು ಫೋಟೋ, ಎರಡೂ ಡಿಎಂ ಮಾಡಿ. ಭಾನುವಾರ ಸಂಜೆ ಸ್ಟೋರಿಯಲ್ಲಿ ಒಂದೊಂದಾಗಿ ಲೆಕ್ಕ ಹಾಕೋಣ. ಗಾಡಿ ನಂಬರ್ ಪ್ಲೇಟ್ ಮಾತ್ರ ಕ್ರಾಪ್ ಮಾಡಿ ಕಳ್ಸಿ ಮಾರಾಯ್ರೇ.

#ಗಾಡಿಮಾತು #ಟೈರ್‌ಲೆಕ್ಕ