ಕರೆ ಶಾಖೆಯದು, ಬಾಗಿಲು ಕಚೇರಿಯದು

ಡಯಲ್-ಇನ್ ಅಂದ ಕೂಡಲೇ ನಮ್ಮ ಕ್ಲಾಸಿನಲ್ಲಿ ನಗು. ಮೋಡೆಮ್ ಕಿರ್ರ್ ಅಂತ ಕೂಗೋದನ್ನ ನಾವು ಕೇಳಿರೋದೇ ಯೂಟ್ಯೂಬಿನಲ್ಲಿ. ನೋಟ್ಸಿನ ಆ ಎರಡು ಪುಟಗಳನ್ನು "ಇಂಪಾರ್ಟೆಂಟ್ ಅಲ್ಲ" ಅಂತ ಬಿಟ್ಟಿದ್ದೆವು. ಬಿಡಬಾರದಿತ್ತು ಅನ್ನೋದು ಈಗ ನಮ್ಮ ಅಭಿಪ್ರಾಯ.

ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ವರು ಮಲೆನಾಡಿನ ಒಂದು ಸಹಕಾರ ಸಂಘಕ್ಕೆ ಹೋಗಿದ್ದೆವು. ಒಂದು ಮುಖ್ಯ ಕಚೇರಿ, ಮೂರು ಶಾಖೆ. ಶಾಖೆಗಳ ಲೆಕ್ಕ ಪೆನ್‌ಡ್ರೈವಿನಲ್ಲಿ ಬಸ್ ಹತ್ತಿ ಬರುತ್ತೆ. ಮಳೆಗೆ ಬಸ್ ತಪ್ಪಿದರೆ, ಶಾಖೆಯಲ್ಲಿ ಕಟ್ಟಿಯಾದ ಸಾಲದ ಕಂತು ಮುಖ್ಯ ಕಚೇರಿಯಲ್ಲಿ ಎರಡು ದಿನ "ಬಾಕಿ" ಅಂತಲೇ ಇರುತ್ತೆ. ನಾವು ಧೈರ್ಯವಾಗಿ, "ಎಲ್ಲಾ ಶಾಖೆಗೂ ಲೀಸ್ಡ್ ಲೈನ್ ಹಾಕ್ಸಿ ಸರ್" ಅಂದೆವು. ಕಾರ್ಯದರ್ಶಿಗಳು ಕೇಳಿದ್ದು ಒಂದೇ ಮಾತು: "ದಿನಕ್ಕೆ ಎಷ್ಟು ಹೊತ್ತು ಬೇಕಪ್ಪಾ ಅದು?"

ನಮ್ಮ ಹತ್ರ ಉತ್ತರ ಇರಲಿಲ್ಲ. ಹಾಸ್ಟೆಲ್‌ಗೆ ಬಂದು ಲೆಕ್ಕ ಹಾಕಿದೆವು. ಒಂದು ಶಾಖೆಯ ದಿನದ ಫೈಲು ಸುಮಾರು 2 ಎಂಬಿ. 1998ರ ವಿ.90 ಮೋಡೆಮಿನ 56 ಕೆಬಿಪಿಎಸ್ ವೇಗ ಡೌನ್‌ಲೋಡಿಗೆ ಮಾತ್ರ. ಕಳಿಸೋಕೆ ಗರಿಷ್ಠ 33.6. ಅದರಲ್ಲಿ ಕಳಿಸಿದರೂ ಎಂಟು ನಿಮಿಷದ ಕೆಲಸ! ಅದಕ್ಕೆ 24 ಗಂಟೆಯ ಬಾಡಿಗೆ ಯಾಕೆ? ಹಿಂದಿನವರು ಇದೇ ಲೆಕ್ಕ ಹಾಕ್ತಿದ್ರು. ಸ್ವಲ್ಪ ಹೊತ್ತಿನ ಕೆಲಸಕ್ಕೆ ಫೋನ್ ಲೈನು. ಇನ್ನಷ್ಟು ವೇಗ ಬೇಕಾದರೆ 64ರ ಎರಡು ಚಾನೆಲ್ ಸೇರಿಸಿ 128 ಕೆಬಿಪಿಎಸ್ ಕೊಡೋ ಐಎಸ್‌ಡಿಎನ್. ದಿನವಿಡೀ ಕೆಲಸವಿದ್ದರೆ ಲೀಸ್ಡ್ ಲೈನು. ಡೇಟಾ ಬಂದಾಗ ರೌಟರೇ ಡಯಲ್ ಮಾಡಿ, ಕೆಲಸ ಮುಗಿದ ಮೇಲೆ ಲೈನ್ ಕಟ್ ಮಾಡ್ತಿತ್ತು.

ಹಾಗಂತ ಹಳೇ ಮೋಡೆಮ್ ಹುಡುಕಿ ಅಂತ ನಾವು ಹೇಳ್ತಿಲ್ಲ. ಇವತ್ತು ಶಾಖೆಗೆ ಸಿಮ್ ಹಾಕೋ 4ಜಿ ರೌಟರ್ ಸಾಕು. ಆದರೆ ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಹಲವು ಗ್ರಾಹಕರನ್ನು ಒಂದೇ ಪಬ್ಲಿಕ್ ಐಪಿವಿ4 ವಿಳಾಸದ ಹಿಂದೆ ಕೂರಿಸುತ್ತವೆ. ಮುಖ್ಯ ಕಚೇರಿಯಿಂದ ಶಾಖೆಯನ್ನು ಕರೆಯೋಣ ಅಂದ್ರೆ ನಂಬರೇ ಇಲ್ಲ! ಕಚೇರಿ ಒಂದು ಸ್ಥಿರ ಐಪಿ ಇಟ್ಟುಕೊಂಡು ಕಾಯಬೇಕು, ಶಾಖೆಯೇ ಕರೀಬೇಕು. ಇದು ಡಯಲ್-ಇನ್ ಅಲ್ಲದೆ ಮತ್ತೇನು?

ಬಂದ ಕರೆ ಶಾಖೆಯದೇ ಅಂತ ನಂಬೋದು ಹೇಗೆ? ಈ ಪ್ರಶ್ನೆಯೂ ಹಳೆಯದೇ. ಪ್ಯಾಪ್ ವಿಧಾನದಲ್ಲಿ ಪಾಸ್‌ವರ್ಡ್ ಹಾಗೇ ಲೈನಿನ ಮೇಲೆ ಹೋಗ್ತಿತ್ತು. ಚಾಪ್‌ನಲ್ಲಿ ಕಚೇರಿ ಪ್ರತಿಸಲ ಹೊಸ ಸವಾಲು ಕೊಡುತ್ತೆ, ಶಾಖೆ ಉತ್ತರ ಮಾತ್ರ ಕಳಿಸುತ್ತೆ, ಪಾಸ್‌ವರ್ಡ್ ಹೊರಗೆ ಬರೋದಿಲ್ಲ. ಇನ್ನೂ ಅನುಮಾನವಿದ್ದರೆ ಕಚೇರಿ ಫೋನ್ ಇಟ್ಟು, ಮೊದಲೇ ಬರೆದಿಟ್ಟ ನಂಬರಿಗೆ ತಾನೇ ತಿರುಗಿ ಕರೆ ಮಾಡ್ತಿತ್ತು. ಇವತ್ತೂ ಸುಲಭ ಅಂತ ಪಿಪಿಟಿಪಿ ಹಾಕಬೇಡಿ. ಅದು ಸಾಮಾನ್ಯವಾಗಿ ಬಳಸೋ ಪಾಸ್‌ವರ್ಡ್ ಪರೀಕ್ಷೆಯನ್ನು ಒಡೆಯಬಹುದು ಅಂತ 2012ರಲ್ಲೇ ತೋರಿಸಿದ್ದಾರೆ. ಐಪಿಸೆಕ್ ಅಥವಾ ವೈರ್‌ಗಾರ್ಡ್ ಹಾಕಿ, ಶಾಖೆಗೊಂದು ಬೇರೆ ಕೀ ಕೊಡಿ. ಒಂದು ರೌಟರ್ ಕಳುವಾದರೆ ಆ ಕೀ ಒಂದನ್ನೇ ತೆಗೆದರಾಯ್ತು.

ನಾವು ಎರಡನೇ ಸಲ ಹೋದಾಗ ಇದನ್ನೇ ಹೇಳಿದೆವು. "ಮಳೇಲಿ ಸಿಗ್ನಲ್ ಹೋದ್ರೆ?" ಅಂದರು ಕಾರ್ಯದರ್ಶಿಗಳು. ಫೈಲು ಶಾಖೆಯಲ್ಲೇ ಕಾದಿರುತ್ತೆ, ಸಿಗ್ನಲ್ ಬಂದಾಗ ರೌಟರ್ ಮತ್ತೆ ಕರೆಯುತ್ತೆ, ರಾತ್ರಿಯಾದರೂ ಸರಿ. ದಿನಗಟ್ಟಲೆ ಬರದಿದ್ದರೆ ಪೆನ್‌ಡ್ರೈವ್ ಇದ್ದೇ ಇದೆ. ಅದನ್ನು ಬಿಸಾಡಿ ಅಂತ ಹೇಳೋ ಧೈರ್ಯ ನಮಗೂ ಬರಲಿಲ್ಲ.

ನಮ್ಮ ಪರೀಕ್ಷೆಯಲ್ಲಿ ಡಯಲ್-ಅಪ್‌ಗೂ ಲೀಸ್ಡ್ ಲೈನಿಗೂ ಐದು ವ್ಯತ್ಯಾಸ ಬರೆಯಿರಿ ಅಂತಾರೆ. ನಾವು ಬಾಯಿಪಾಠ ಮಾಡಿ ಬರೀತೀವಿ, ಮಾರ್ಕ್ಸೂ ಬರುತ್ತೆ. ಅದರ ಬದಲು ಒಂದು ಊರು, ಮೂರು ಶಾಖೆ ಕೊಟ್ಟು ಕೇಳಲಿ: ಎಷ್ಟು ಹೊತ್ತು ಬೇಕು? ಯಾರು ಕರೀಬೇಕು? ಗುರುತು ಹೇಗೆ ನೋಡಬೇಕು? ಮೊದಲನೇ ಪ್ರಶ್ನೆ ಒಬ್ಬ ಕಾರ್ಯದರ್ಶಿಗೆ ಹೊಳೆಯಿತು, ಎಂಜಿನಿಯರಿಂಗ್ ಓದೋ ನಾಲ್ವರಿಗೆ ಹೊಳೀಲಿಲ್ಲ. ನಗಬೇಕಾಗಿದ್ದು ಮೋಡೆಮ್ ನೋಡಿ ಅಲ್ಲ, ಅಲ್ವಾ?